ಪೂರ್ವದ ಗೋಡೆಯ ಹಲ್ಲಿ

ಕಳೆದ ಭಾನುವಾರ ನಮ್ಮ ನಡುಮನೆಯ ಟ್ಯೂಬ್‌ಲೈಟ್ ಕೆಟ್ಟಿತು. ಬದಲಿಸಲು ನಾನೇ ಸ್ಟೂಲ್ ಹತ್ತಿದೆ. ಪಟ್ಟಿಯ ಹಿಂದೆ ಧೂಳಿನ ಜೊತೆಗೆ ಹಲ್ಲಿಮೊಟ್ಟೆಯ ಎರಡು ಚಿಪ್ಪು ಸಿಕ್ಕವು. ಪೆಪ್ಪರ್‌ಮಿಂಟಿನಷ್ಟು ದುಂಡಗೆ, ಬೆಳ್ಳಗೆ, ಒಂದು ಕಡೆ ಒಡೆದಿದ್ದವು. ಅವನ್ನು ಬೆಂಕಿಪೊಟ್ಟಣದೊಳಗಿಟ್ಟು ಮೇಲೆ ದಿನಾಂಕ ಬರೆದೆ. ಕೆಳಗೆ ಸ್ಟೂಲ್ ಹಿಡಿದು ನಿಂತಿದ್ದ ಅಮ್ಮ ನೋಡಿ, "ಇದೊಂದು ಬಾಕಿ ಇತ್ತು," ಅಂದಳು.

ಬಾಕಿ ಇದ್ದದ್ದು ನಿಜ. ಹಲ್ಲಿಗೆ ಸಂಬಂಧಿಸಿದಂತೆ ನನ್ನ ಬಳಿ ಒಂದು ಇಡೀ ನೋಟ್‌ಬುಕ್ ಇದೆ. ಮೊಟ್ಟೆಯ ಪುಟ ಮಾತ್ರ ಖಾಲಿ ಇತ್ತು.

ನಾನು ಎಣಿಸುವವಳು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸ. ಒಂದೇ ಥರದ ಸಾವಿರ ಬೋಲ್ಟುಗಳ ನಡುವೆ ಬೇರೆ ಥರದ್ದೊಂದನ್ನು ಹುಡುಕಿ, ಅದರ ತಪ್ಪೇನೆಂದು ಬರೆದು, ಸಹಿ ಮಾಡಬೇಕು. ಈ ಕೆಲಸದಿಂದ ನನಗೆ ಈ ಚಾಳಿ ಹತ್ತಿತು ಎಂದು ನೆಂಟರು ಭಾವಿಸಿದ್ದಾರೆ. ಹಾಗಲ್ಲ. ಮೂರನೇ ಕ್ಲಾಸಿನಲ್ಲಿ ಕಾಪಿ ಬರೆಯಲು ಕೊಡಿಸಿದ ಪುಸ್ತಕದ ಹಿಂದಿನ ಪುಟಗಳಲ್ಲೇ ನನ್ನ ಮೊದಲ ದಾಖಲೆಗಳಿವೆ. "ಇರುವೆಗಳು ಎದುರಾದಾಗ ನಿಂತು ಮಾತಾಡುತ್ತವೆ. ಇಪ್ಪತ್ತರಲ್ಲಿ ಹದಿನೇಳು. ಮಿಕ್ಕ ಮೂರು ಮಾತು ಬಿಟ್ಟಿವೆ."

ಇನ್ನೊಂದು ಪುಟದಲ್ಲಿ ಕಾಗೆಯ ವಿಷಯವಿದೆ. ನಮ್ಮ ಅಗ್ರಹಾರದ ಬೀದಿಯಲ್ಲಿ, ಎದುರು ಮನೆಯ ಮೇಷ್ಟ್ರು ಕರೆಂಟಿನ ತಂತಿಗೆ ತಾಗುತ್ತದೆಂದು ಹೊಂಗೆಮರದ ಕೊಂಬೆಯೊಂದನ್ನು ಕಡಿಸಿದರು. ಅದರಲ್ಲೊಂದು ಗೂಡಿತ್ತು. ಮರುದಿನದಿಂದ ಅವರು ಸ್ಕೂಲಿಗೆ ಹೊರಟರೆ ಕಾಗೆ ತಲೆಗೆ ಕುಕ್ಕುತ್ತಿತ್ತು. ಮೇಷ್ಟ್ರು ಅಂಗಿ ಬದಲಿಸಿದರು, ಟೋಪಿ ಹಾಕಿದರು, ಕೊನೆಗೆ ಮೀಸೆಯನ್ನೂ ತೆಗೆಸಿದರು. ಕಾಗೆ ಮೋಸ ಹೋಗಲಿಲ್ಲ. "ಮೇಷ್ಟ್ರಿಗೆ: ಹನ್ನೊಂದು ಸಲ. ಬೇರೆಯವರಿಗೆ: ಸೊನ್ನೆ" ಎಂದು ಬರೆದಿದ್ದೇನೆ. ಕಾಗೆಗೆ ಮುಖದ ನೆನಪಿರುತ್ತದೆ ಎಂದು ನಾನು ಕಂಡುಕೊಂಡದ್ದು ಹೀಗೆ. ಅದೇ ಮೇಷ್ಟ್ರಿಗೆ ನಮ್ಮ ಹೆಸರು ವರ್ಷ ಕಳೆದರೂ ನೆನಪಿರುತ್ತಿರಲಿಲ್ಲ. ಮೀಸೆ ತೆಗೆದ ಮೇಲೆ ನಮಗೂ ಅವರ ಗುರುತು ಸಿಕ್ಕಲು ಎರಡು ದಿನ ಬೇಕಾಯಿತು.

ಹಲ್ಲಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳನ್ನೆಲ್ಲ ನಡುಮನೆಯ ಪೂರ್ವದ ಗೋಡೆಯ ಹಲ್ಲಿ ಮಾಡುತ್ತಿತ್ತು. ಅಜ್ಜಿ ಕೇಳುವುದು, ಹಲ್ಲಿ ನುಡಿಯುವುದು. ಅಪ್ಪ ವಿಭೂತಿ, ಊದುಬತ್ತಿಯ ಅಂಗಡಿ ಇಟ್ಟದ್ದು, ನನ್ನನ್ನು ಕಾಮರ್ಸ್ ಬಿಡಿಸಿ ಡಿಪ್ಲೊಮಾಗೆ ಸೇರಿಸಿದ್ದು, ಮೊದಲ ಫ್ರಿಜ್ಜು, ಎಲ್ಲವೂ ಹಲ್ಲಿಯ ಒಪ್ಪಿಗೆ ಪಡೆದೇ ಆದದ್ದು. ಅಪ್ಪ-ಅಮ್ಮನ ಮದುವೆಯೂ ಹಾಗೆಯೇ. ಅಪ್ಪನ ಮೇಲೆ ಸಿಟ್ಟು ಬಂದಾಗ ಅಮ್ಮ ಅವನನ್ನು ಬೈಯುವುದಿಲ್ಲ. ತಲೆಯೆತ್ತಿ ಪೂರ್ವದ ಗೋಡೆಯನ್ನು ಒಂದು ಸಲ ನೋಡುತ್ತಾಳೆ, ಅಷ್ಟೆ.

ಶಕುನ ನಂಬಬಾರದೆಂದು ನಮ್ಮ ಮಠದ ಸ್ವಾಮಿಗಳು ಪ್ರತಿ ಶ್ರಾವಣದಲ್ಲಿ ಹೇಳುತ್ತಾರೆ. ಅಜ್ಜಿ ಮುಂದಿನ ಸಾಲಿನಲ್ಲೇ ಕುಳಿತು ತಲೆದೂಗಿ ಕೇಳುತ್ತಾಳೆ. ಮನೆಗೆ ಬಂದ ಮೇಲೆ ನಾನು ನೆನಪಿಸಿದರೆ, "ಅವ್ರು ಹೇಳಿದ್ದು ಸರಿಯಾಗೇ ಇದೆ ಕಣೇ. ಮಠದ ಗೋಡೆ ಹಸಿರು ಪೇಂಟು. ಅಲ್ಲಿ ಹಲ್ಲಿ ನಿಲ್ಲಲ್ಲ, ಅವ್ರಿಗೆ ಅನುಭವ ಸಾಲ್ದು," ಎನ್ನುತ್ತಾಳೆ.

ಅಜ್ಜಿಯ ಕ್ರಮ ಹೀಗಿತ್ತು. ಬೆಳಿಗ್ಗೆ ಆರೂವರೆಗೆ, ಲಿಂಗಪೂಜೆ ಮುಗಿಸಿ, ಕಾಫಿಯ ಲೋಟ ಹಿಡಿದು ಗೋಡೆಗೆದುರಾಗಿ ಕೂರುವುದು. ವಿಷಯವನ್ನು ಗಟ್ಟಿಯಾಗಿ ಹೇಳುವುದು. ಲೋಟ ಖಾಲಿಯಾಗುವುದರೊಳಗೆ ಹಲ್ಲಿ ಲೊಚಗುಟ್ಟಿದರೆ ಸರಿ. ಬೆರಳ ಗೆಣ್ಣಿನಿಂದ ನೆಲಕ್ಕೆ ಮೂರು ಸಲ ತಟ್ಟಿ "ಶಿವ ಶಿವ" ಎಂದು ಏಳುವುದು. ನುಡಿಯದಿದ್ದರೆ ಮುಂದಿನ ಹುಣ್ಣಿಮೆ ಕಳೆದ ಮೇಲೆ ಮತ್ತೆ ಕೇಳಬಹುದು. ಹೀಗೆ ಮೂರು ಅವಕಾಶ. ಮೂರನೆಯ ಸಲವೂ ಸುಮ್ಮನಿದ್ದರೆ ಆ ವಿಷಯ ಮುಗಿಯಿತು. ಮತ್ತೆ ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ನಮ್ಮ ಮನೆಗೆ ಇಂದಿಗೂ ಕಾರಿಲ್ಲದಿರುವುದಕ್ಕೆ ಇದೇ ಕಾರಣ.

ನಾನು ಹಲ್ಲಿಯ ಲೆಕ್ಕ ಶುರುಮಾಡಿದ್ದು ಹೋದ ವರ್ಷದ ಜುಲೈ ಎರಡರಂದು. ದಿನಾಂಕ, ಹೊತ್ತು, ಯಾವ ಗೋಡೆ, ಎಷ್ಟು ಸಲ ಲೊಚ್ ಅಂದಿತು, ಆಗ ಯಾರು ಏನು ಹೇಳುತ್ತಿದ್ದರು, ಹೇಳಿದ್ದು ನಿಜವಾಯಿತೇ. ಎಂಟು ತಿಂಗಳು ಬರೆದೆ. ಕೆಲಸಕ್ಕೆ ಹೋದ ಹೊತ್ತಿನ ಮಾಹಿತಿ ಇಲ್ಲ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರ ಮಾಹಿತಿಯೂ ಇಲ್ಲ, ನಿದ್ದೆ.

ಹಲ್ಲಿ ಎಲ್ಲದಕ್ಕೂ ಹೌದೆನ್ನುತ್ತಿತ್ತು. "ಗ್ಯಾಸ್ ಮುಗೀತು" ಎಂದಾಗ ಲೊಚ್. "ಈ ಸಲ ದಸರಾಕ್ಕೆ ಮಳೆ ಬರಲ್ಲ" ಎಂದು ಅಪ್ಪ ಹೇಳಿದಾಗ ನಾಲ್ಕು ಸಲ ಲೊಚ್. ಜಂಬೂಸವಾರಿ ನೋಡಲು ಹೋದ ಅಪ್ಪ ಪಂಚೆ ಹಿಂಡಿಕೊಂಡು ಬಂದ. ನಿಜ ಸುಳ್ಳು ತಾಳೆ ನೋಡಬಹುದಾದ ನಲವತ್ತು ಮಾತುಗಳನ್ನು ಆರಿಸಿ ಕೂಡಿಸಿದೆ. ಇಪ್ಪತ್ತೊಂದು ನಿಜವಾಗಿದ್ದವು, ಹತ್ತೊಂಬತ್ತು ಸುಳ್ಳಾಗಿದ್ದವು. ನಾಣ್ಯ ಎಸೆದಿದ್ದರೂ ಇಷ್ಟೇ ಸಿಗುತ್ತಿತ್ತು ಎಂದು ಅಜ್ಜಿಗೆ ಓದಿ ಹೇಳಿದೆ.

ಅಜ್ಜಿ ಹಲ್ಲಿಯ ಪರ ವಹಿಸಿದಳು. "ಹತ್ತೊಂಬತ್ತು ಸಲ ನೀವು ಸುಳ್ಳು ಹೇಳಿದ್ರೆ ಅದೇನ್ ಮಾಡುತ್ತೆ, ಪಾಪ."

ಲೆಕ್ಕದ ನಡುವೆ ಹಲ್ಲಿಯನ್ನೇ ನೋಡುವುದು ಅಭ್ಯಾಸವಾಯಿತು. ಅದಕ್ಕೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಗಾಜಿನಂಥ ಹೊದಿಕೆಯಿದೆ. ಧೂಳು ಕೂತರೆ ನಾಲಗೆ ಚಾಚಿ ಒರೆಸಿಕೊಳ್ಳುತ್ತದೆ. ಮೊದಲ ಸಲ ಕಂಡಾಗ ನಾನು ತಿನ್ನುತ್ತಿದ್ದ ಉಪ್ಪಿಟ್ಟನ್ನು ಪಕ್ಕಕ್ಕಿಟ್ಟೆ. ಪಾದದಲ್ಲಿ ಅಂಟು ಕೂಡ ಇಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿವೆಯಂತೆ. ನಮಗೆ ಎಲ್ಲವೂ ಬೂದುಬಣ್ಣವಾಗಿ ಕಾಣುವ ಮಬ್ಬಿನಲ್ಲೂ ಕೆಲವು ಹಲ್ಲಿಗಳಿಗೆ ಬಣ್ಣ ತಿಳಿಯುತ್ತದೆ ಎಂದು ಓದಿ ಅಜ್ಜಿಗೆ ಹೇಳಿದೆ. "ನಂಗೆ ಹಗಲಲ್ಲೂ ತಿಳಿಯಲ್ವಲ್ಲೇ," ಎಂದಳು.

ಅದೇ ಆಗ ನಮ್ಮ ಮನೆಯ ದೊಡ್ಡ ವಿಷಯ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಮೊದಲು ತಮಾಷೆಯಾಗಿತ್ತು. ಬಾಗಿಲ ಹಿಂದೆ ನೇತುಹಾಕಿದ್ದ ಅಪ್ಪನ ರೇನ್‌ಕೋಟಿಗೆ, "ಬಾಪ್ಪಾ, ಯಾಕೆ ನಿಂತೇ ಇದೀಯ, ಕೂತ್ಕೋ," ಎಂದು ಉಪಚಾರ ಮಾಡಿದಳು. ಉಪ್ಪಿನ ಡಬ್ಬಿಯಿಂದ ಕಾಫಿಗೆ ಸಕ್ಕರೆ ಹಾಕಿದಳು. ಆಮೇಲೆ ಒಂದು ಬೆಳಿಗ್ಗೆ ಜಗುಲಿಯ ಮೆಟ್ಟಿಲು ಮುಗಿಯಿತೆಂದುಕೊಂಡು ಇನ್ನೊಂದು ಮೆಟ್ಟಿಲಿರುವಲ್ಲಿ ಕಾಲಿಟ್ಟಳು. ಮೊಣಕೈ ತರಚಿತು. ಮೂಳೆ ಮುರಿಯದಿದ್ದದ್ದು ಅದೃಷ್ಟ. ಕಣ್ಣಿನ ಡಾಕ್ಟರು ನೋಡಿ, ಪೊರೆ ಬಲಿತುಬಿಟ್ಟಿದೆ, ಇನ್ನೂ ತಡಮಾಡಿದರೆ ಆಪರೇಷನ್ನೇ ಕಷ್ಟವಾಗುತ್ತದೆ, ಕಣ್ಣಿಗೇ ಅಪಾಯವಾಗಬಹುದು ಎಂದರು. ಅಜ್ಜಿ "ಆಗ್ಲಿ ಡಾಕ್ಟ್ರೇ," ಎಂದು ಕೈಮುಗಿದು ಬಂದು ಹಲ್ಲಿಯನ್ನು ಕೇಳಿದಳು.

ನವೆಂಬರ್‌ನಲ್ಲಿ ಕೇಳಿದಳು. ಹಲ್ಲಿ ಸುಮ್ಮನಿತ್ತು. ಜನವರಿಯಲ್ಲಿ ಕೇಳಿದಳು. ಆಗಲೂ ಇಲ್ಲ. ಇನ್ನು ಉಳಿದದ್ದು ಒಂದೇ ಅವಕಾಶ.

ದಿನಾ ಬೆಳಿಗ್ಗೆ ಕೆಸರೆಯಿಂದ ಹೂ ತರುವ ಪುಟ್ಟತಾಯಮ್ಮ ಜಗುಲಿಯ ಮೇಲೆ ಬುಟ್ಟಿ ಇಳಿಸಿ ಇದೇ ಮಾತು ಎತ್ತುತ್ತಿದ್ದರು. ಅವರಿಗೆ ಎರಡೂ ಕಣ್ಣಿನ ಆಪರೇಷನ್ ಆಗಿತ್ತು.

"ಮಾಡಿಸ್ಕಂಡ್‌ಬುಡಿ ಗೌರಮ್ಮಾರೇ. ಒಂದ್ ಗಳಿಗೆ ಕೆಲ್ಸ. ಇರುವೆ ಕಚ್ಚದಂಗೂ ಇಲ್ಲ."

"ಮಾಡಿಸ್ಕೊಂಡು ನೀನೇನ್ ನೋಡ್ದೆ?"

"ನಮ್ಮನೆ ಪಾತ್ರೆ ಎಂಗೆ ತೊಳೀತಾವ್ರೆ ಅಂತ ನೋಡ್ದೆ. ಅವತ್ತಿಂದ ಸೊಸೆ ಜತೆ ಮಾತಿಲ್ಲ."

"ಅದಕ್ಕೇ ಹೇಳೋದು. ಸುಮ್ನಿದ್ದಿದ್ರೆ ಮನೆ ನೆಟ್ಟಗಿರ್ತಿತ್ತು."

"ಹಲ್ಲಿ ಮಾತ್ ಕೇಳ್ಕಂಡು ಕೂತ್ರೆ ಕಣ್ಣು ಬಂದದಾ? ನಿಮ್ಗೆ ಭಯ ಕಣ್ರವ್ವ, ಅಷ್ಟೇಯ."

ಅಜ್ಜಿ ಮಲ್ಲಿಗೆಯ ಮೊಳವನ್ನು ತಡವಿ ನೋಡಿ, "ಇವತ್ತು ಮೊಳ ಗಿಡ್ಡ ಆಗಿದೆ," ಎಂದು ಮಾತು ತಿರುಗಿಸಿದಳು. ಕಣ್ಣು ಕಾಣದಿದ್ದರೂ ಮೊಳದಲ್ಲಿ ಅವಳು ಯಾವತ್ತೂ ಮೋಸ ಹೋದವಳಲ್ಲ.

ಆ ರಾತ್ರಿ ಊಟವಾದ ಮೇಲೆ ಎಂಟು ತಿಂಗಳ ಲೆಕ್ಕ ತೆಗೆದೆ. ಒಟ್ಟು ಆರುನೂರ ಹನ್ನೊಂದು ಲೊಚ್. ಅದರಲ್ಲಿ ಬೆಳಿಗ್ಗೆ ಆರರಿಂದ ಏಳರೊಳಗೆ ಹತ್ತೊಂಬತ್ತು ಮಾತ್ರ. ಸಂಜೆ ಏಳರಿಂದ ಎಂಟರೊಳಗೆ ಮುನ್ನೂರ ಎಂಬತ್ತೆಂಟು. ಕಾರಣವೂ ಸಾಲುಗಳಲ್ಲೇ ಇತ್ತು, ನಾನು ಗಮನಿಸಿರಲಿಲ್ಲ. ಪೂರ್ವದ ಗೋಡೆಯಲ್ಲಿ ಹಲ್ಲಿ ಒಂದಲ್ಲ, ಎರಡು. ಒಂದು ಮೋಟುಬಾಲದ್ದು, ಕಳಚಿಹೋದ ಬಾಲ ಮತ್ತೆ ಬೆಳೆಯುತ್ತ, ಬಣ್ಣ ತಪ್ಪಿತ್ತು. ಇನ್ನೊಂದು ಪೂರ್ತಿ ಬಾಲದ್ದು. ಸಂಜೆ ಟ್ಯೂಬ್‌ಲೈಟ್ ಹಾಕಿದೊಡನೆ ಹುಳ ಬರುತ್ತವೆ, ಹುಳ ತಿನ್ನಲು ಮೋಟುಬಾಲ ಬರುತ್ತದೆ, ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಆಗ ಲೊಚ್ ಲೊಚ್ ಲೊಚ್. ನಮ್ಮ ಮನೆತನ ಮೂರು ತಲೆಮಾರಿನಿಂದ ಒಪ್ಪಿಗೆ ಎಂದು ತಿಳಿದದ್ದು, "ಇದು ನನ್ನ ಲೈಟು, ಆಚೆ ಹೋಗು" ಎಂಬ ಬೈಗುಳ.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಜ್ಜಿ ಹಲ್ಲಿಯನ್ನು ಬಿಟ್ಟು ಬೇರೇನನ್ನಾದರೂ ಹಿಡಿದುಕೊಳ್ಳುತ್ತಿದ್ದಳು. ಅದರ ಲೆಕ್ಕ ನನ್ನ ಬಳಿ ಇರುತ್ತಿರಲಿಲ್ಲ. ಬೆಳಿಗ್ಗೆಯ ಬದಲು ಸಂಜೆ ಕೇಳಿಸಿದರೆ ಸಾಕು ಎಂದು ತೀರ್ಮಾನಿಸಿದೆ.

ಮರುದಿನ ಪಂಚಾಂಗ ತೆಗೆದು ಅಜ್ಜಿಯ ಪಕ್ಕ ಕೂತೆ. ಕೊನೆಯ ಪುಟಗಳಲ್ಲಿ ಹಲ್ಲಿ ಶಕುನದ ಪಟ್ಟಿ ಇರುತ್ತದಲ್ಲ, ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಎಂದು. ಅಲ್ಲಿ ಬೆರಳಿಟ್ಟು, ಇಲ್ಲದ ಸಾಲೊಂದನ್ನು ಓದಿದೆ. "ನೇತ್ರದ ವಿಚಾರವನ್ನು ದೀಪ ಹಚ್ಚಿದ ಮೇಲೆ ಕೇಳತಕ್ಕದ್ದು."

"ಹಾಗಂತ ಇದೆಯಾ?"

"ಇದೆ ಅಜ್ಜಿ."

"ನಾನ್ಯಾವತ್ತೂ ನೋಡಿರ್ಲಿಲ್ವಲ್ಲ."

"ಸಣ್ಣಕ್ಷರದಲ್ಲಿದೆ."

ಅಜ್ಜಿಗೆ ಓದುವಷ್ಟು ಕಣ್ಣಿದ್ದಿದ್ದರೆ ಈ ಸುಳ್ಳು ನಡೆಯುತ್ತಿರಲಿಲ್ಲ. ಕಣ್ಣಿದ್ದಿದ್ದರೆ ಈ ಸುಳ್ಳು ಬೇಕಾಗಿಯೂ ಇರಲಿಲ್ಲ. ಆ ದಿನದ ಡೈರಿಯಲ್ಲಿ "ಸುಳ್ಳು: ಒಂದು" ಎಂದು ಬರೆದಿದ್ದೇನೆ. ಸಣ್ಣಕ್ಷರದ ಮಾತನ್ನೂ ಸೇರಿಸಿ ಎರಡು ಎಂದು ಆಮೇಲೆ ತಿದ್ದಿದ್ದೇನೆ.

ಹುಣ್ಣಿಮೆ ಕಳೆದ ಮೂರನೆಯ ದಿನ, ಮಾರ್ಚ್ ತಿಂಗಳ ಒಂದು ಶುಕ್ರವಾರ, ಸಂಜೆ ಏಳೂ ಐದಕ್ಕೆ ಕೇಳುವುದೆಂದು ನಿಗದಿಯಾಯಿತು. ಅದರ ಹಿಂದಿನ ಏಳು ಸಂಜೆಗಳಲ್ಲಿ ಏಳರಲ್ಲೂ ಆ ಹೊತ್ತಿಗೆ ಹಲ್ಲಿ ನುಡಿದಿತ್ತು. ಕಾರ್ಖಾನೆಯ ಬೋಲ್ಟುಗಳು ಕೂಡ ಇಷ್ಟು ನಂಬಿಕೆಗೆ ಅರ್ಹವಲ್ಲ. ನಿಶ್ಚಿಂತೆಯಿಂದ ಮನೆಗೆ ಬಂದೆ. ಹೊಸ್ತಿಲು ದಾಟುತ್ತಿದ್ದಂತೆ ಫಿನೈಲಿನ ವಾಸನೆ. ನಡುಮನೆ ಹೊಳೆಯುತ್ತಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಉದ್ದನೆಯ ಪೊರಕೆ ಹಿಡಿದು ನಿಂತಿದ್ದಳು.

"ಏನಮ್ಮಾ ಇದು?"

"ಅತ್ತೆ ಇವತ್ತು ಕಣ್ಣಿನ್ ವಿಷ್ಯ ಕೇಳ್ತಾರಲ್ಲ. ಶುಭ ಕೆಲ್ಸ, ಗೋಡೆ ತುಂಬಾ ಬಲೆ ಇದ್ರೆ ಚೆನ್ನಾಗಿರುತ್ತಾ? ಎಲ್ಲಾ ಹೊಡ್ದೆ." ಆಮೇಲೆ ದೊಡ್ಡ ಕೆಲಸ ಮಾಡಿದವಳಂತೆ, "ಹಲ್ಲಿ ಎರಡಿತ್ತು ಕಣೇ. ಒಂದನ್ನ ಕಿಟಕಿಯಿಂದಾಚೆ ಓಡಿಸ್ಬುಟ್ಟೆ. ಕೇಳೋದಕ್ಕೆ ಒಂದು ಸಾಕಲ್ವಾ?"

ಕಿಟಕಿಯಿಂದ ಬಗ್ಗಿ ನೋಡಿದೆ. ಬೀದಿಯಲ್ಲಿ ಸ್ಕೂಟರುಗಳು ಹೋಗುತ್ತಿದ್ದವು. ಗಂಟೆ ಆರು ಐವತ್ತು.

ಏಳೂ ಐದಕ್ಕೆ ಟ್ಯೂಬ್‌ಲೈಟ್ ಹಾಕಿದೆವು. ಅಜ್ಜಿ ಹಣೆಗೆ ಹೊಸದಾಗಿ ವಿಭೂತಿ ಇಟ್ಟುಕೊಂಡು, ಕಾಫಿ ಹಿಡಿದು ಗೋಡೆಗೆದುರಾಗಿ ಕೂತಳು. ಅವಳ ಹಿಂದೆ ನಾನು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ.

"ಶಿವನೇ, ಕಣ್ಣು ಕುಯ್ಸೋದು ಅಂತ ಎಲ್ರೂ ಹೇಳ್ತಾವ್ರೆ. ಸರಿ ಇದ್ರೆ ನುಡಿಸಪ್ಪ."

ಮೋಟುಬಾಲ ಲೈಟಿನ ಪಟ್ಟಿಯ ಹಿಂದಿನಿಂದ ಹೊರಬಂತು. ಅತ್ತಿತ್ತ ನೋಡಿತು. ಇಡೀ ಗೋಡೆ ತನ್ನದೇ. ಒಂದು ಹುಳ ತಿಂದಿತು. ಇನ್ನೊಂದು ತಿಂದಿತು. ಜಗಳವಾಡಲು ಯಾರೂ ಇರಲಿಲ್ಲವಾದ್ದರಿಂದ ನಾಲಗೆ ಚಾಚಿ ಕಣ್ಣೊರೆಸಿಕೊಂಡು ನೆಮ್ಮದಿಯಾಗಿ ಕೂತಿತು. ಅಷ್ಟು ಸುಖವಾಗಿರುವ ಪ್ರಾಣಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಏಳೂ ಹತ್ತು. ಅಜ್ಜಿ ಸಣ್ಣ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಏಳೂ ಹದಿನಾಲ್ಕು. ಲೋಟವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ಈ ಸಲ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಅಜ್ಜಿ ಲೋಟವನ್ನು ಹಾಗೆ ಹಿಡಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿಂದಿನ ಎರಡು ಸಲವೂ ನನ್ನ ಕಣ್ಣು ಗೋಡೆಯ ಮೇಲೇ ಇತ್ತು. ಲೋಟ ಓರೆಯಾಯಿತು. ತಳದ ಗುಟುಕು.

ನಾನು ಉಸಿರು ಬಿಗಿಹಿಡಿದು, ನಾಲಗೆಯನ್ನು ಅಂಗುಳಕ್ಕೆ ಹಚ್ಚಿ, ಮೂರು ಸಲ ಲೊಚಗುಟ್ಟಿದೆ.

ಅಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಮೋಟುಬಾಲ ತಲೆಯೆತ್ತಿ ನನ್ನತ್ತ ನೋಡಿತು. ಅಜ್ಜಿ ಅಲುಗದೆ ಕೂತಿದ್ದಳು. ನನ್ನ ಲೆಕ್ಕದಲ್ಲಿ ಹನ್ನೆರಡು ಸೆಕೆಂಡು. ಆಮೇಲೆ ನಿಧಾನವಾಗಿ ಬಗ್ಗಿ, ಗೆಣ್ಣಿನಿಂದ ನೆಲಕ್ಕೆ ಮೂರು ಸಲ ತಟ್ಟಿ, "ಶಿವ ಶಿವ," ಎಂದಳು. ಅಮ್ಮನ ಕಡೆ ತಿರುಗಿ, "ಶಾಂತಾ, ಡಾಕ್ಟ್ರಿಗೆ ಫೋನ್ ಮಾಡಮ್ಮ," ಎಂದಳು.

ಆ ಲೊಚ್‌ಗಳನ್ನು ಯಾವ ಹಲ್ಲಿಯ ಲೆಕ್ಕಕ್ಕೆ ಬರೆಯಬೇಕೆಂದು ತಿಳಿಯದೆ ಆ ದಿನದ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ಎಂಟು ದಿನದ ಮೇಲೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೊರಟೆವು. ಆಟೋದಲ್ಲಿ ಅಜ್ಜಿ, ನಾನು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಸರ್ಕಲ್ ದಾಟುತ್ತಿದ್ದಂತೆ ಕೇಳಿದಳು.

"ಅವತ್ತು ಇನ್ನೊಂದು ಹಲ್ಲಿ ಇರ್ಲಿಲ್ಲ ಅಲ್ವಾ?"

ನಾನು ಥಟ್ಟನೆ ಅವಳ ಕಡೆ ತಿರುಗಿದೆ. "ಎರಡಿದೆ ಅಂತ ನಿಂಗೆ ಗೊತ್ತಾ?"

"ಐವತ್ತು ವರ್ಷದಿಂದ ಆ ಗೋಡೆ ಮುಂದೆ ಕೂತಿದೀನಿ. ಎರಡು ಧ್ವನಿ ಕೇಳಲ್ವಾ? ಸಂಜೆ ಹೊತ್ತು ಕಚ್ಚಾಡ್ತವೆ. ಅದಕ್ಕೇ ನಾನು ಬೆಳಿಗ್ಗೆ ಕೇಳೋದು. ಬೆಳಿಗ್ಗೆ ನುಡಿದ್ರೆ ಅದಕ್ಕೆ ಬೆಲೆ."

"ಮತ್ತೆ ನಾನು..."

"ಹಲ್ಲಿ ನುಡಿಯೋಕೆ ಮುಂಚೆ ಉಸಿರು ಬಿಗಿ ಹಿಡಿಯಲ್ಲ ಕಣೇ."

ನಾನು ರಸ್ತೆ ನೋಡಿದೆ. ಎರಡು ಸಿಗ್ನಲ್ ಕಳೆದ ಮೇಲೆ ಧೈರ್ಯ ಬಂತು. "ಹಾಗಾದ್ರೆ ಯಾಕೆ ಒಪ್ಪಿದೆ?"

ಅಜ್ಜಿ ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಮನೇಲಿ ಎಲ್ರೂ ಧೈರ್ಯ ಹೇಳೋರೇ. ಒಂದ್ ಗಳಿಗೆ ಕೆಲ್ಸ, ಇರುವೆ ಕಚ್ಚದಂಗೆ. ನಂಗೊಬ್ಳಿಗೇ ಭಯ ಅನ್ಕೊಂಡಿದ್ದೆ. ಲೊಚಗುಟ್ಟಿದ್ಯಲ್ಲ, ಆಗ ಗೊತ್ತಾಯ್ತು, ನೀನು ನನಗಿಂತ ಹೆದ್ರಿದೀಯ ಅಂತ. ಒಬ್ಳಾದ್ರೂ ಜೊತೆಗಿದಾಳಲ್ಲ, ಹೋಗಣ ಅನ್ನಿಸ್ತು."

ಪಂಚಾಂಗದ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಲಗಣ್ಣಿನ ಆಪರೇಷನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಕೂತ ನಾನು ಗೋಡೆಯ ಟೈಲ್ಸ್‌ಗಳನ್ನು ಎಣಿಸಲು ಹೋಗಿ ಮೂರು ಸಲ ತಪ್ಪಿದೆ. ನನ್ನ ಜೀವನದಲ್ಲಿ ಎಣಿಕೆ ತಪ್ಪಿದ್ದು ಅದೇ ಮೊದಲು. ಮರುದಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಕೊಟ್ಟರು. ಕಣ್ಣಿಗೆ ಹಾಕುವ ಡ್ರಾಪ್ಸ್‌ಗೆ ನಾನು ಮೂರು ಬಣ್ಣದಲ್ಲಿ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಒಂದು ಹನಿಯೂ ತಪ್ಪಲಿಲ್ಲ.

ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ಅಜ್ಜಿ ನಡುಮನೆಗೆ ಬಂದು, ಕನ್ನಡಕ ತೆಗೆದು, ತಲೆಯೆತ್ತಿ ಪೂರ್ವದ ಗೋಡೆಯನ್ನು ನೋಡಿದಳು. ಓಡಿಸಲ್ಪಟ್ಟಿದ್ದ ಪೂರ್ತಿ ಬಾಲದ ಹಲ್ಲಿ ಅಷ್ಟರಲ್ಲಿ ಹಿಂದಿರುಗಿತ್ತು. ಎರಡೂ ಲೈಟಿನ ಆಚೆ ಈಚೆ ನಿಂತು ಲೊಚಗುಟ್ಟುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿದಳು.

"ಇದೇನಾ?"

"ಇದೇ ಅಜ್ಜಿ."

"ಇಷ್ಟೇನಾ ಇರೋದು?"

"ಅಷ್ಟೇ."

"ನಾನು ಸ್ವಲ್ಪ ದೊಡ್ಡದಿದೆ ಅನ್ಕೊಂಡಿದ್ದೆ." ಮತ್ತೂ ಸ್ವಲ್ಪ ಹೊತ್ತು ನೋಡಿ, "ಪಾಪ, ಹೊಟ್ಟೆಯೊಳಗಿನ ಹುಳ ಕೂಡ ಕಾಣುತ್ತೆ," ಎಂದಳು.

ಅಮ್ಮ ಅಡುಗೆಮನೆಯಿಂದ ಬಂದು ನಿಂತು, ಎಡಗಣ್ಣಿನ ವಿಷಯ ಡಾಕ್ಟರು ಕೇಳುತ್ತಿದ್ದಾರೆಂದೂ, ನಾಳೆ ಬೆಳಿಗ್ಗೆ ಕೇಳುತ್ತೀರಾ ಸಂಜೆ ಕೇಳುತ್ತೀರಾ ಎಂದೂ, ಈ ಸಲ ತಾನು ಗೋಡೆ ಮುಟ್ಟುವುದಿಲ್ಲವೆಂದೂ ಹೇಳಿದಳು.

ಅಜ್ಜಿ ಕನ್ನಡಕ ಹಾಕಿಕೊಂಡಳು. "ಬುಡಮ್ಮ, ಅವುಕ್ಕೇ ಅವುಗಳ ಲೈಟಿನ ಜಗಳ ಬಗೆಹರಿದಿಲ್ಲ. ನನ್ ಕಣ್ಣಿನ್ ವಿಷ್ಯ ಅವೆಲ್ಲಿ ನೋಡ್ತವೆ. ಬರೋ ಬುಧವಾರ ಅಂತ ಹೇಳು," ಎಂದು, ನನ್ನ ಮಣಿಕಟ್ಟು ಹಿಡಿದು, "ನೀನು ರಜಾ ಹಾಕು," ಎಂದಳು.